ನಾನು ಅಳಿಸಿದ ಒಂದು ಅಕ್ಷರ

ರತ್ನಕ್ಕಾ, ಶ್ರೀರಾಂಪುರದಾಚೆಯ ಆ ಕೆರೆಯ ಏಡಿ, ನಿಮ್ಮ ಮಾತಿನ ನಳ್ಳಿ, ಬೇರೆ ಜಾತಿಯದಲ್ಲ. ಬೇರೆ ಎಂದು ಹೇಳುವಾಗಲೇ ನನಗೆ ಅನುಮಾನವಿತ್ತು. ಮುಚ್ಚಿಟ್ಟೆ.

ನಾನು ಕಾಲೇಜಿನಲ್ಲಿ ಓದಿದ್ದು ಕಾಮರ್ಸ್. ಜೀನುಗಳ ಪಾಠ ಎಲ್ಲಾ ವಿಡಿಯೋ ನೋಡಿ ಕಲಿತದ್ದು. ನೀವು ಹಿಡಿದುಕೊಟ್ಟ ನಳ್ಳಿಗಳ ಒಂದೊಂದು ಕಾಲು ಮುರಿದು ಲ್ಯಾಬಿಗೆ ಕಳಿಸಿದ್ದೆ, ನೆನಪಿದೆಯಲ್ಲ? ಆ ಕೆರೆಯದರ ಜೀನಿನ ಅಕ್ಷರಸಾಲು ಉಳಿದವಕ್ಕಿಂತ ಎಷ್ಟು ಬೇರೆಯಿತ್ತೆಂದರೆ — ಕುಣಿದುಬಿಟ್ಟೆ. ಹೊಸ ಜಾತಿ! ಆದರೆ ಸಾಲಿನ ನಡುವೆ ಒಂದು ಅಕ್ಷರ ಹೆಚ್ಚಿಗೆ ಇತ್ತು. ಅದರಿಂದ ಪ್ರೋಟೀನಿನ ಓದು ಅರ್ಧಕ್ಕೇ ನಿಲ್ಲುತ್ತಿತ್ತು. ಕೆಲಸ ಮಾಡುವ ಜೀನು ಹಾಗೆ ನಿಲ್ಲುವುದಿಲ್ಲ; ನಿಂತರೆ ಅದು ಕೆಟ್ಟ ನಕಲಿರಬಹುದು.

ಮೈಟೋಕಾಂಡ್ರಿಯಾದ ಜೀನಿನ ಹಳೆಯ ನಕಲೊಂದು ಯಾವ ಕಾಲದಲ್ಲೋ ಕೋಶಕೇಂದ್ರಕ್ಕೆ ಸೇರಿಕೊಂಡು, ಅಲ್ಲಿ ಕೆಲಸವಿಲ್ಲದೆ ಕೆಡುತ್ತಾ ಬಿದ್ದಿರುತ್ತದೆ. ಏಡಿಗಳಲ್ಲಿ ಇದು ಹೊಸದೇನಲ್ಲ. ಅಸಲಿಯ ಬದಲು ಆ ನಕಲನ್ನು ಓದಿದರೆ ಒಂದೇ ಜಾತಿ ಎರಡಾಗಿ ಕಾಣುತ್ತದೆ. ಇದನ್ನೂ ಓದಿದ್ದೆ. ಆದರೂ ಆ ಒಂದು ಅಕ್ಷರವನ್ನು ಯಂತ್ರದ ತಪ್ಪು ಅಂದುಕೊಂಡು — ಇಲ್ಲ, ಅಂದುಕೊಂಡಂತೆ ನಟಿಸಿ — ಅಳಿಸಿದೆ. ಸಾಲು ಸರಿಯಾಯಿತು. ಏಡಿ ಆಸಕ್ತರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೊಸ ಜಾತಿಯೆಂದು ಹಾಕಿದೆ, ಶಭಾಷ್ ಬಂತು.

ನೀವು ಮಾತ್ರ ಬುಟ್ಟಿಯಲ್ಲಿದ್ದವನ್ನು ಮಗುಚಿ ನೋಡಿ, "ಎಲ್ಲಾ ಒಂದೇಯ ಕಣಪ್ಪಾ, ಒಂದೇ ತಾಯಿ ಮಕ್ಳಂಗವೆ" ಅಂದಿರಿ. ಇಷ್ಟು ವರ್ಷ ನಳ್ಳಿ ಹಿಡಿದ ಕೈ ಅದು. ನಾನು ನಕ್ಕು, ಕಣ್ಣಿಗೆ ಕಾಣದ್ದು ಜೀನಿಗೆ ಗೊತ್ತಾಗುತ್ತೆ ಅಕ್ಕಾ ಅಂದೆ. ನೀವು ನಿಮ್ಮ ಕಣ್ಣು ಬಿಟ್ಟು ನನ್ನನ್ನು ನಂಬಿದಿರಿ.

ಅಪರೂಪದ ಜಾತಿ ಅಳಿಯಬಾರದೆಂದು ಆ ಕೆರೆಗೆ ಬುಟ್ಟಿ ಇಳಿಸುವುದನ್ನೇ ನಿಲ್ಲಿಸಿದಿರಿ. ನಿಮ್ಮ ತಮ್ಮ ಮಾದೇಶಣ್ಣ ಅಲ್ಲಿಂದ ಹಿಡಿದು ಮಂಡಿ ಮೊಹಲ್ಲಾದ ಸಂತೆಗೆ ಮಾರಲು ತಂದಾಗ, ಜನರ ಮುಂದೆಯೇ "ಲೋಕದಾಗೆಲ್ಲೂ ಇಲ್ದಿರೋದ್ನ ಮಾರ್ಕೊಂಡ್ ತಿಂತೀಯಲ್ಲೋ, ನಾಚ್ಕೆ ಆಗಾಕಿಲ್ವಾ" ಅಂದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನ ಮುಖ ನೋಡಿದ. ನಾನು ಫೋನ್ ನೋಡಿದೆ. ಅಂದಿನಿಂದ ಅವನು ನಿಮ್ಮ ಮನೆ ಹೊಸಿಲು ತುಳಿದಿಲ್ಲ.

ಹೋದ ವಾರ ಅದೇ ಕಾಲುಗಳಿಂದ ಅಸಲಿ ಜೀನನ್ನೇ ಓದಿಸಿದೆ. ಎಲ್ಲವೂ ಒಂದೇ. ನೀವು ಹೇಳಿದ್ದ ಹಾಗೆಯೇ.

ಗುಂಪಿನಲ್ಲಿ ತಪ್ಪು ಒಪ್ಪಿಕೊಂಡಿದ್ದೇನೆ. ಅದು ಸುಲಭದ ಭಾಗ. ಈ ಭಾನುವಾರ ಮೊದಲು ಮಾದೇಶಣ್ಣನ ಮನೆಗೆ ಹೋಗುತ್ತೇನೆ. ಆಮೇಲೆ ನಿಮ್ಮ ಬಾಗಿಲಿಗೆ. ಬಂದ ಕೂಡಲೇ ಒಳಗೆ ಕರೆಯಬೇಡಿ ಅಕ್ಕಾ — ಮೊದಲು ಕೇಳಿಸಿಕೊಳ್ಳಿ.