ಜಾಹೀದನ ಸ್ಪೀಕರಿಗೆ ಬೀಗ

ತಿಕೋಟಾದ ಜಾಹೀದನಿಗೆ ಯಾವ ಮಾತನ್ನೂ ಒಂದೇ ಸಲ ಹೇಳಿ ಗೊತ್ತಿಲ್ಲ. ಊಟಕ್ಕೆ ಕರೆದರೂ "ಬರ್ರಿ, ಬರ್ರಿ, ತಪ್ಪದೇ ಬರ್ರಿ" ಎನ್ನುತ್ತಾನೆ. ಅವನ ಹೊಟ್ಟೆಪಾಡೇ ಅಂಥದ್ದು. ಆಟೊ ಮೇಲೆ ಭೋಂಗಾ ಕಟ್ಟಿಕೊಂಡು ಊರೂರು ಕೂಗುತ್ತ ಹೋಗುತ್ತಾರಲ್ಲ, ಸೀರೆ ಸೇಲು, ಚಪ್ಪಲಿ ಸೇಲು, ಉಚಿತ ಕಣ್ಣಿನ ತಪಾಸಣೆ, ಅದಕ್ಕೆಲ್ಲ ದನಿ ಇವನದು. ವಿಜಯಪುರದ ಅಥಣಿ ರಸ್ತೆಯಲ್ಲಿ ಸಾವಂತ್ರವ್ವನ ಮನೆಯ ಮಾಳಿಗೆ ಮೇಲೆ ಬಾಡಿಗೆಗಿದ್ದಾನೆ. ತನ್ನ ಖೋಲಿಯಲ್ಲೇ ಕುಳಿತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಂಗಡಿಯವರಿಗೆ ಕಳಿಸುತ್ತಾನೆ. ಹಿಂದೆ ಶಹನಾಯಿ ನುಡಿಯುತ್ತಿರಬೇಕು, ಇಲ್ಲದಿದ್ದರೆ ಅವನಿಗೆ ಹುರುಪೇ ಬರುವುದಿಲ್ಲ.

ಆ ಶಹನಾಯಿಗೆಂದೇ ಆಸೆಪಟ್ಟು ಒಂದು ಸ್ಮಾರ್ಟ್ ಸ್ಪೀಕರ್ ತಂದ. ಬಾಯಿಂದ ಹೇಳಿದರೆ ಸಾಕು, ಹಾಡುತ್ತದೆ ಎಂದಿದ್ದ ಅಂಗಡಿಯವನು. ಎಲ್ಲಿಯ ಹಾಡು! ಜಾಹೀದ ಗಂಟಲು ಬಿಚ್ಚಿ ಕೂಗಿದಷ್ಟೂ ಅದು ಅರ್ಥವಾಗಲಿಲ್ಲ ಎಂದು ಕ್ಷಮೆ ಕೇಳುತ್ತ ಕುಳಿತಿತು. ಕಡೆಗೆ ಮೊಬೈಲ್ ಒತ್ತಿಯೇ ಅದನ್ನು ನಡೆಸತೊಡಗಿದ.

ಮಾಳಿಗೆಯಲ್ಲಿ ಇನ್ನಿಬ್ಬರಿದ್ದರು. ಚಷ್ಮಾ ಅಂಗಡಿಯ ಅಶ್ಫಾಕ, ಗೊಬ್ಬರದಂಗಡಿಯಲ್ಲಿ ದುಡಿಯುವ ಮಮದಾಪುರದ ಚಂದ್ರಕಾಂತ. ಮೂವರಿಗೂ ವೈಫೈ ಒಂದೇ. ಒಂದೇ ವೈಫೈ ಎಂದರೆ ಜಾಹೀದನ ಸ್ಪೀಕರ್ ಅವರ ಮೊಬೈಲಿಗೂ ಕಾಣುತ್ತದೆ, ಅವರ ಮಾತನ್ನೂ ಕೇಳುತ್ತದೆ. ನಸುಕಿನಲ್ಲೆದ್ದು "ಚಪ್ಪಲಿ, ಚಪ್ಪಲಿ" ಎಂದು ಪ್ರ್ಯಾಕ್ಟೀಸು ಮಾಡಿ ತಮ್ಮ ನಿದ್ದೆ ಕೆಡಿಸುವವನ ಮೇಲೆ ಸೇಡು ತೀರಿಸಿಕೊಳ್ಳಲು ಅವರಿಗೆ ಇದಕ್ಕಿಂತ ಬೇರೇನು ಬೇಕು?

ಆ ವಾರ ಬಬಲೇಶ್ವರದ ಸೈಫುದ್ದೀನ ಸಾಹೇಬರ ಹೊಸ ಸ್ಟೀಲ್ ಪಾತ್ರೆ-ಭಾಂಡೆ ಅಂಗಡಿಯ ಕೆಲಸ ಬಂದಿತ್ತು. ಜಾಹೀದ ಕಣ್ಣು ಮುಚ್ಚಿ, ಒಂದು ಕೈ ಕಿವಿಗೆ ಹಚ್ಚಿ, ಭರದಿಂದ ಹೇಳಿದ. ನಡುವೆ ಶಹನಾಯಿ ನಿಂತದ್ದು, ಚಂದ್ರಕಾಂತ ಪಕ್ಕದ ಖೋಲಿಯಿಂದ ಕುರಿಗಾಹಿಗಳ ಡೊಳ್ಳಿನ ಪದ ಹಚ್ಚಿದ್ದು, ಯಾವುದೂ ಅವನ ಲಕ್ಷ್ಯಕ್ಕೇ ಬರಲಿಲ್ಲ. ತಿರುಗಿ ಕೇಳದೆ ಕಳಿಸಿಯೂ ಬಿಟ್ಟ. ಸಾಹೇಬರ ಫೋನು ಬಂತು.

"ಏ ಜಾಹೀದ, ನಾ ಭಾಂಡೆ ಮಾರಾಂವ. ಇದರಾಗ ಕುರಿ ಯಾಕ ಬಂದಾವೋ?"

"ಸಾಹೇಬ್ರ, ಮತ್ತೊಮ್ಮೆ ಮಾಡಿ ಕಳಸ್ತೀನ್ರಿ."

"ಐತವಾರ ಅಂಗಡಿ ತೆರಿಯಾಕತ್ತೇನಿ. ಅಷ್ಟ್ರೊಳಗ ಚೊಕ್ಕ ಬರಬೇಕ ನೋಡು. ಇಲ್ಲಂದ್ರ ಮೊಬೈಲಿನಾಗ ಮಷೀನ್ ದನಿ ಐತಂತ, ಅದರಲೇ ಮಾಡಸ್ತೀನಿ. ಅದಕ ಚಾ ಸುದ್ದಾ ಕುಡಸೂದು ಬ್ಯಾಡ."

ಜಾಹೀದ ಬೆರಳು ಮಡಿಚಿ ಲೆಕ್ಕ ಹಾಕಿದ. ಇಂದು ಸೈಫುದ್ದೀನರು ಮಷೀನಿಗೆ ಹೋದರೆ ನಾಳೆ ಚಪ್ಪಲಿಯವನು, ನಾಡಿದ್ದು ಸೀರೆಯವನು. ತಿಕೋಟಾದಿಂದ ಬಬಲೇಶ್ವರದವರೆಗಿನ ಭೋಂಗಾಗಳೆಲ್ಲ ಅವನ ಕೈತಪ್ಪುತ್ತವೆ. ವೈಫೈ ಮೆಕ್ಯಾನಿಕ್‌ನನ್ನು ಕೇಳಿದ. ಸ್ಪೀಕರಿಗಷ್ಟೇ ಬೇರೆ ವೈಫೈ ಮಾಡು, ಅದಕ್ಕೆ ಬೇರೆ ಪಾಸ್‌ವರ್ಡ್ ಹಾಕು, ಯಾರಿಗೂ ಹೇಳಬೇಡ ಎಂದ ಅವನು. ಜಾಹೀದ ಬಾಗಿಲು ಹಾಕಿ, ಚಿಲಕ ಜಗ್ಗಿ ನೋಡಿ, ಹೊಸ ಪಾಸ್‌ವರ್ಡ್ ಒತ್ತತೊಡಗಿದ. ಆದರೆ ಬಾಯಿ ಕೇಳಬೇಕಲ್ಲ!

"ಲಕ್ಷ್ಯಗೊಟ್ಟು ಕೇಳ್ರಿ! ತೊರವಿ ಬದನಿಕಾಯಿ, ಏಳು ಸೊನ್ನಿ ಏಳು! ಮತ್ತೊಮ್ಮೆ ಹೇಳತೇವ್ರಿ, ತೊರವಿ ಬದನಿಕಾಯಿ, ಏಳು ಸೊನ್ನಿ ಏಳು!"

ಇಷ್ಟು ಕೂಗಿದ್ದು ತನಗೇ ಗೊತ್ತಿಲ್ಲ ಪುಣ್ಯಾತ್ಮನಿಗೆ. ಮರುದಿನ ರೆಕಾರ್ಡ್ ಮಾಡಲು ಕುಳಿತರೆ ಸ್ಪೀಕರಿನಲ್ಲಿ ಅಶ್ಫಾಕನ ಕ್ರಿಕೆಟ್ ಕಾಮೆಂಟರಿ. ಪಾಸ್‌ವರ್ಡ್ ಬದಲಿಸಿದ. ಮತ್ತೆ ಕುರಿ. ಮೊಬೈಲಿನಲ್ಲಿ ವೈರಸ್ ಹೊಕ್ಕಿದೆ ಎಂದು ಅದನ್ನು ಬಿಸಿಲಿಗಿಟ್ಟ. ಆಗಲೂ ಕುರಿಯೇ.

ಶನಿವಾರ ಸಂಜೆ, ತಲೆ ಕೆಟ್ಟು ಕೆಳಗಿಳಿದು ಬಂದ. ಸಾವಂತ್ರವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

"ಯಪ್ಪಾ ಜಾಹೀದ, ಮೊನ್ನೆ ಬದನಿಕಾಯಿ ಅಂತ ಒದರಿದಿ, ತಿಳೀತು. ಇವತ್ತ ಮಮದಾಪುರ ಕೆರಿ, ನಾಕು ನಾಕು ಒಂಬತ್ತು ಅಂತ ಒದರಾಕತ್ತಿದ್ದಿ. ಕೆರ್ಯಾಗ ಏನ ಸೇಲು ಹಚ್ಯಾರೋ?"

ಪಾಸ್‌ವರ್ಡ್ ಒದರುವವನು ತಾನೇ ಎಂದು ಜಾಹೀದನಿಗೆ ಆಗ ಹೊಳೆಯಿತು. ಮುದುಕಿಗೂ ಬಾಯಿಪಾಠ! ಓಡಿಹೋಗಿ, ಬಾಯಿಗೆ ಟವೆಲ್ ತುರುಕಿಕೊಂಡು ಹೊಸ ಪಾಸ್‌ವರ್ಡ್ ಒತ್ತಿದ. ಟವೆಲ್ಲಿನ ಸಂದಿಯಿಂದಲೂ ಅದು ಹೊರಬಿತ್ತು. ಗೋಡೆಯಾಚೆ ಇಬ್ಬರೂ ಕಿಸಕ್ಕನೆ ನಕ್ಕರು. ಜಾಹೀದ ಪಾವಟಿಗೆಯ ಮೇಲೆ ಕುಳಿತು ಅಳತೊಡಗಿದ. ಖರೇನೇ ಅತ್ತ, ಮೂಗು ಸೋರುವಷ್ಟು.

ನಗುತ್ತ ಹೊರಬಂದ ಇಬ್ಬರೂ ತಣ್ಣಗಾದರು. ಜಾಹೀದ ಸಾಹೇಬರ ಮಾತು ಹೇಳಿದ. ಚಂದ್ರಕಾಂತ ಅಶ್ಫಾಕನ ರಟ್ಟೆ ಹಿಡಿದು ಜಗ್ಗಿದ.

"ಲೇ ಅಶ್ಫಾಕ, ಇವನ ಕೆಲಸ ಹೋತಂದ್ರ ಇಡೀ ದಿವಸ ಮನ್ಯಾಗ ಕುಂತು ಒದರ್ತಾನಲೇ!"

"ಯಾ ಅಲ್ಲಾ!" ಅಶ್ಫಾಕ ತಲೆಗೆ ಕೈ ಹಚ್ಚಿದ. "ತಾ ಇಲ್ಲಿ ಆ ಮೊಬೈಲ್. ಪಾಸ್‌ವರ್ಡ್ ನಾವ ಹಾಕ್ತೀವಿ. ನೀ ಕೆಳಗ ಹೋಗು."

"ಸ್ಪೀಕರ್ ನಂದಲೇ!"

"ಸ್ಪೀಕರ್ ನಿಂದು. ಬಾಯಿನೂ ನಿಂದ ಐತೆಲ್ಲ, ಅದ ಚಿಂತಿ. ಹೋಗು."

ಜಾಹೀದ ಕೆಳಗೆ ಹೋಗಿ ಸಾವಂತ್ರವ್ವನ ಅಡುಗೆಮನೆಯಲ್ಲಿ ಕುಳಿತ. ಮೇಲೆ ಇಬ್ಬರೂ ತುಟಿ ಬಿಚ್ಚದೆ ಪಾಸ್‌ವರ್ಡ್ ಒತ್ತಿ, ಜಾಹೀದನ ಮೊಬೈಲಿನಿಂದ ಅದನ್ನು ಅಳಿಸಿಯೂ ಬಿಟ್ಟರು. ಆಮೇಲೆ ಅಶ್ಫಾಕ ತನ್ನ ಮೊಬೈಲಿನಿಂದ ಶಹನಾಯಿ ಹಚ್ಚಿದ, ಚಂದ್ರಕಾಂತ ಬಾಗಿಲಲ್ಲಿ ಕಾವಲು ನಿಂತ, ಮೇಲೆ ಬಂದ ಜಾಹೀದ ಕೈ ಕಿವಿಗೆ ಹಚ್ಚಿದ. ಆಹಾ, ಏನು ದನಿ! ಕೊಡ, ತಂಬಿಗೆ, ಪರಾತ, ಒಂದೊಂದೂ ಠಣ್ಣೆಂದು ಕೇಳಿತು.

ಐತವಾರ ಬಬಲೇಶ್ವರದ ಬಜಾರಿನಲ್ಲಿ ಆ ದನಿ ತಿರುಗಿತು. ಹೆಂಗಸರು ಅಂಗಡಿಗೆ ಮುಗಿಬಿದ್ದರು. ಸೈಫುದ್ದೀನ ಸಾಹೇಬರು ಜಾಹೀದನಿಗೆ ಚಾ ಕುಡಿಸಿ, "ಮಷೀನ್ ಎಲ್ಲಿ, ನೀ ಎಲ್ಲಿ ಬಿಡೋ" ಎಂದರು. ಜಾಹೀದ ನೆಲ ಮುಟ್ಟದೆ ಮನೆಗೆ ಬಂದ. ಖುಷಿಗೆ ಒಂದು ಕವಾಲಿ ಕೇಳಬೇಕೆನಿಸಿತು. ಮೊಬೈಲ್ ತೆಗೆದ. ಸ್ಪೀಕರ್ ಪಾಸ್‌ವರ್ಡ್ ಕೇಳಿತು.

"ಲೇ ಅಶ್ಫಾಕ, ಏನದು ಪಾಸ್‌ವರ್ಡ್?"

"ನಿನಗ ಹೇಳಿದ್ರ ಬಬಲೇಶ್ವರ ತನಕಾ ಗೊತ್ತಾಗತೈತಿ. ಯಾವ ಹಾಡು ಬೇಕು, ಅಷ್ಟ ಹೇಳು."

ಜಾಹೀದ ಜಗಳಕ್ಕೆಂದು ಬಾಯಿ ತೆಗೆದ. ಅಶ್ಫಾಕ ಹೇಳಿದ್ದರಲ್ಲಿ ಸುಳ್ಳೇನೂ ಕಾಣಲಿಲ್ಲ. ತನ್ನದೇ ಖೋಲಿಯಲ್ಲಿ, ತನ್ನದೇ ಸ್ಪೀಕರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, "ಒಂದ ಕವಾಲಿ ಹಚ್ಚಪಾ" ಎಂದು ಅಂಗಲಾಚಿದ.

"ಪಾಳಿ ಚಂದ್ರಕಾಂತಂದು," ಎಂದ ಅಶ್ಫಾಕ. "ಕುಂದ್ರು, ಕುರಿ ಮುಗೀಲಿ."