ಚಾಚಾರ ಬೋಣಿ ತೂಕ

ನನಗೆ ಸಿಟ್ಟು ಬೇಗ ಬರುತ್ತದೆ. ಅದೂ ನಾನು ಬರೆದ ಪ್ರೋಗ್ರಾಮಿಗೆ ಯಾರಾದರೂ ಹೆಸರಿಟ್ಟರೆ ಮುಗಿದೇ ಹೋಯಿತು. ಶಿಗ್ಗಾಂವದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಅಂಗಡಿ, ಗಿರಣಿಗಳಿಗೆ ಪ್ರೋಗ್ರಾಮು ಬರೆದುಕೊಡುವುದು ನನ್ನ ಕೆಲಸ.

ಹೋದ ಸುಗ್ಗಿಯಲ್ಲಿ ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯ ಕಾಟಾಕ್ಕೆ, ಅಂದರೆ ಲಾರಿ, ಟ್ರ್ಯಾಕ್ಟರುಗಳನ್ನು ಹತ್ತಿಸಿ ತೂಗುವ ದೊಡ್ಡ ಕಟ್ಟೆಗೆ, ಪ್ರೋಗ್ರಾಮು ಹಾಕಿಕೊಟ್ಟಿದ್ದೆ. ಕಾಟಾದ ಕೋಣೆಯಲ್ಲಿ ಕೂರುವವರು ಸವಣೂರು ಕಡೆಯ ಒಬ್ಬ ಚಾಚಾ. ಬಿಳಿ ಟೋಪಿ, ಕಿವಿಯ ಸಂದಿಯಲ್ಲಿ ಪೆನ್ನು. ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಅವರು ಅದೇ ಕುರ್ಚಿಯಲ್ಲಿದ್ದರು.

ತಿಂಗಳೊಪ್ಪತ್ತಿನಲ್ಲೇ ಗಿರಣಿ ಮಾಲಕರ ಫೋನು ಬಂತು. "ಮೇಡಂರ, ನಿಮ್ಮ ಪ್ರೋಗ್ರಾಮ್ ಮತ್ತ ಮಕ್ಕೊಂಡೈತ್ರಿ!" ಮಧ್ಯಾಹ್ನ ಅಷ್ಟೂ ತೂಕಗಳ ಪಟ್ಟಿ ತೆಗೆಯುವಾಗ ಅದು ನಿಂತುಬಿಡುತ್ತಿತ್ತಂತೆ. ದಿನಾ ಅಲ್ಲ, ವಾರಕ್ಕೆ ಒಂದೆರಡು ಸಲ. ನಿಂತ ದಿನ ಹೊರಗೆ ಹಿರೇಕೆರೂರು, ಹಂಸಭಾವಿ ಕಡೆಯ ಗಾಡಿಗಳ ಸಾಲು, ಹಾರ್ನು, ಬೈಗುಳ.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಎರಡು ಸಲ ಹೋದೆ. ಮುಟ್ಟುವಷ್ಟರಲ್ಲಿ ಹತ್ತೂವರೆ ಆಗಿರುತ್ತಿತ್ತು. ನಾನಿದ್ದಷ್ಟು ಹೊತ್ತು ಪ್ರೋಗ್ರಾಮು ಚಕಾರ ಎತ್ತದೆ ನಡೆಯಿತು. ಎರಡನೆಯ ಸಲ ನನ್ನ ತಲೆ ಕೆಟ್ಟು ಅಂದೇಬಿಟ್ಟೆ: "ಪ್ರೋಗ್ರಾಮ್ ಸರಿ ಐತ್ರಿ. ಒತ್ತಬಾರದ ಬಟನ್ ಯಾರೋ ಒತ್ತಾಕತ್ತಾರ."

ಯಾರೋ ಎಂದರೆ ಯಾರು? ಆ ಕೋಣೆಯಲ್ಲಿ ಕೂರುವವರು ಚಾಚಾ ಒಬ್ಬರೇ. ಮಾಲಕರು ಅವರತ್ತ ನೋಡಿದರು. ಚಾಚಾ ತಮ್ಮ ಬೆರಳುಗಳನ್ನು ನೋಡಿಕೊಂಡರು. "ವಯಸ್ಸಾತ್ರಿ, ಕೈ ನಡಗ್ತಾವು. ನಂದ ಗಲತಿ ಇರಬೇಕು" ಎಂದರು. ಸೋಮವಾರದಿಂದ ಅವರನ್ನು ಗೋದಾಮಿನ ಬಾಗಿಲಿಗೆ ಕೂರಿಸಿ, ಕಾಟಾಕ್ಕೆ ಕಂಪ್ಯೂಟರ್ ಕಲಿತವರನ್ನು ತರುವುದೆಂದು ಮಾಲಕರು ನಿಂತ ಕಾಲ ಮೇಲೆ ತೀರ್ಮಾನಿಸಿದರು. ನಾನು ಚಹಾ ಕುಡಿದು ಬಸ್ಸು ಹತ್ತಿದೆ.

ಆದರೆ ಆ ಬೆರಳುಗಳು ಕಣ್ಣ ಮುಂದಿನಿಂದ ಹೋಗಲೊಲ್ಲವು. ಬಾಯಿಗೆ ಬಂದದ್ದು ಅಂದಿದ್ದೆನೇ ಹೊರತು ನನ್ನ ಹತ್ತಿರ ಪುರಾವೆ ಏನಿತ್ತು? ಗಿರಣಿಯ ಬಾಗಿಲು ತೆಗೆದಾಗಿನಿಂದ ಕಣ್ಣಾರೆ ನೋಡೋಣ ಎಂದು ಶನಿವಾರ ಮೊದಲ ಬಸ್ಸಿಗೇ ಹೊರಟೆ.

ಅಂಗಳದಲ್ಲಿ ಇನ್ನೂ ಒಂದು ಗಾಡಿಯೂ ಬಂದಿರಲಿಲ್ಲ. ಚಾಚಾ ಚಪ್ಪಲಿ ಬಿಟ್ಟು ಕಾಟಾದ ಮೇಲೆ ಹತ್ತಿದರು. ನಟ್ಟನಡುವೆ ಹೋಗಿ ಫೋಟೋಕ್ಕೆ ನಿಂತವರ ಹಾಗೆ ಕೈ ಇಳಿಬಿಟ್ಟು ನೆಟ್ಟಗೆ ನಿಂತರು. ಸ್ವಲ್ಪ ಹೊತ್ತಿಗೆ ಇಳಿದು ಬಂದರು.

"ಇದೇನ್ ಮಾಡಾಕತ್ತೀರಿ ಚಾಚಾ?"

"ಬೋಣಿರಿ. ಮೊದಲನೇ ಗಾಡಿ ಬರೂಕಿಂತ ಮುಂಚೆ ದಿನಾ ನಾ ನಿಂದರ್ತೇನಿ. ಅರವತ್ತ ಕಿಲೋ ತೋರಿಸಿದ್ರ ಕಾಟಾ ಬರಾಬರ್ ಐತಿ ಅಂತ. ರೋಜಾ ಉಪವಾಸದ ತಿಂಗಳದಾಗ ಐವತ್ತೈದು. ರೈತರ ಮಾಲ್ ನೋಡ್ರಿ, ಕಾಟಾ ಸುಳ್ಳ ಹೇಳಬಾರ್ದು."

ನನಗೆ ನಗು ಬಂತು. ಅರ್ಧ ನಕ್ಕವಳು ಅಲ್ಲೇ ನಿಲ್ಲಿಸಿದೆ.

ಕಾಟಾದ ಮೇಲೆ ಯಾವ ತೂಕ ಸ್ಥಿರವಾಗಿ ನಿಂತರೂ ನನ್ನ ಪ್ರೋಗ್ರಾಮು ಅದನ್ನು ತಾನಾಗಿ ಹಿಡಿದು ಮೆಮೊರಿಯಲ್ಲಿ ಒಂದು ಆಬ್ಜೆಕ್ಟ್, ಅಂದರೆ ಮಾಹಿತಿಯ ಪೊಟ್ಟಣ, ಮಾಡಿ ಇಡುತ್ತದೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಒಳಗಿರುವುದು ಏನೆಂದು ಅದನ್ನೇ ಕೇಳಿ ತಿಳಿಯಬೇಕು. ನಾನು ಕೇಳಿರಲಿಲ್ಲ. ಕಾಟಾ ಹತ್ತುವುದು ಗಾಡಿಯಲ್ಲದೆ ಮತ್ತೇನು ಎಂದು ಜಾಣತನ ಮಾಡಿ, ಬಂದದ್ದನ್ನೆಲ್ಲ ಗಾಡಿ ಎಂದೇ ತಿಳಿ ಎಂದು ಬರೆದಿದ್ದೆ. ಮಧ್ಯಾಹ್ನ ಪಟ್ಟಿ ಮಾಡುವಾಗ ಅದು ಒಂದೊಂದರ ಗಾಡಿ ನಂಬರು ಹುಡುಕುತ್ತದೆ. ಚಾಚಾರಿಗೆ ಎಲ್ಲಿಯ ನಂಬರ್ ಪ್ಲೇಟು? ನಂಬರು ಇರಬೇಕಾದ ಜಾಗಕ್ಕೆ ಕೈ ಹಾಕಿದರೆ ಅಲ್ಲಿ ಯಾವುದೋ ಬೇರೆಯದು ಬಿದ್ದಿರುತ್ತಿತ್ತು. ಕೆಲವು ದಿನ ಆ ಕಸವನ್ನೇ ಓದಿ ಹೇಗೋ ಪಾರಾಗುತ್ತಿತ್ತು, ಕೆಲವು ದಿನ ಅಲ್ಲೇ ಬೋರಲು ಬೀಳುತ್ತಿತ್ತು. ಸುಗ್ಗಿ ಪೂರ್ತಿ ನನ್ನ ಪ್ರೋಗ್ರಾಮು ಚಾಚಾರನ್ನು ಲಾರಿ ಎಂದುಕೊಂಡಿತ್ತು. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಬಸ್ಸಿನಲ್ಲಿ ಪಕ್ಕ ಕುಳಿತವರನ್ನೂ ನಾವು "ಯಾವೂರ್ರಿ ನಿಮ್ದು?" ಎಂದು ಕೇಳಿಯೇ ಮಾತು ಮುಂದುವರಿಸುತ್ತೇವೆ. ಪ್ರೋಗ್ರಾಮಿನಲ್ಲೂ ಹಾಗೆ ಕೇಳಲು ಬರುತ್ತದೆ. ನೀನು ಗಾಡಿಯೇನು? ಹೌದೆಂದರೆ ನಂಬರು ಓದು. ಅಲ್ಲವೆಂದರೆ ಕೈ ಹಚ್ಚಬೇಡ. ಎರಡೇ ಸಾಲು, ಅದನ್ನು ದಂಡವೆಂದು ಬಿಟ್ಟಿದ್ದೆ. ಕುಳಿತು ಬರೆದೆ. ಜೊತೆಗೆ 'ಬೋಣಿ ತೂಕ' ಎಂಬ ಹೊಸ ಬಗೆಯನ್ನೂ ಸೇರಿಸಿದೆ. ಚಾಚಾರನ್ನು ಮತ್ತೆ ಹತ್ತಿಸಿ, ಇಳಿಸಿ, ಇನ್ನೊಮ್ಮೆ ಹತ್ತಿಸಿ ನೋಡಿದೆ. "ನನ್ನ ಎಷ್ಟ್ ಸಲ ತೂಗ್ತೀರಿ, ಮಾರಾವ್ರೇನ್ರಿ?" ಎಂದು ಅವರು ನಕ್ಕರು. ಮಧ್ಯಾಹ್ನದ ಪಟ್ಟಿ ಒಂದೇ ಉಸಿರಿಗೆ ಹೊರಗೆ ಬಂತು.

ಮಾಲಕರ ಮುಂದೆ ನಿಂತು, "ಗಲತಿ ನಂದ್ರಿ, ಚಾಚಾರದ್ದಲ್ಲ" ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಬೆವರು ಬಂತು. ಚಾಚಾ ಲಾರಿಯಾದ ಕತೆ ಕೇಳಿ ಮಾಲಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಚಾಚಾರ ಕಡೆ ತಿರುಗಿ, "ಸೋಮವಾರ ಎಲ್ಲೂ ಹೋಗಬ್ಯಾಡ್ರಿ, ಇಲ್ಲೇ ಕುಂದರ್ರಿ" ಎಂದರು. ಚಾಚಾ ಟೋಪಿ ಸರಿಮಾಡಿಕೊಂಡು ಕುರ್ಚಿಯಲ್ಲಿ ಕುಳಿತರು. ನನ್ನ ಹೊಟ್ಟೆ ತಣ್ಣಗಾಯಿತು.

ಚಹಾ ಬಂತು. "ನಾ ಎರಡು ಸಲ ಬಂದಾಗೂ, ದಿನಾ ಹಿಂಗ ನಿಂದರ್ತೇನಿ ಅಂತ ಯಾಕ ಹೇಳ್ಲಿಲ್ಲ ಚಾಚಾ?" ಎಂದು ಕೇಳಿದೆ.

ಅವರು ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡು, ಒಂದಿಷ್ಟೂ ಸಿಟ್ಟಿಲ್ಲದೆ, "ನೀವು ಮಾಲಕರನ್ನ ಕೇಳಿದ್ರಿ, ಮಷಿನ್ ತೆಗೆದು ನೋಡಿದ್ರಿ. ನನ್ನ ಕೇಳ್ಲೇ ಇಲ್ಲಲ್ಲವಾ" ಎಂದರು.

ನಾನು ಮೂರು ಗಂಟೆಯ ಬಸ್ಸು ಬಿಟ್ಟೆ. ಸ್ಟೂಲು ಎಳೆದುಕೊಂಡು ಅವರ ಪಕ್ಕ ಕುಳಿತು, "ಈಗ ಕೇಳಾಕತ್ತೇನಿ, ಮೊದಲಿಂದ ಹೇಳ್ರಿ" ಎಂದೆ.