ಜಂಪರ್ ಪೀಸಿನ ಮೇಲಿನ ಚೀಟಿ

ಕಡ್ಡಿರಾಂಪುರದ ನಮ್ಮ ಮನೆಯ ಮಹಡಿ ಕೋಣೆಗೆ ಆ ವರ್ಷ ಜರ್ಮನಿಯ ಒಬ್ಬ ವಿದ್ಯಾರ್ಥಿನಿ ಬಾಡಿಗೆಗೆ ಬಂದಳು. ಹಂಪಿಯ ಸುತ್ತಲಿನ ಹಳೆಯ ಬಾವಿ, ಕಾಲುವೆಗಳನ್ನು ಅಳೆದು ನಕ್ಷೆ ಮಾಡುವುದು ಅವಳ ಓದು. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ದುಭಾಷಿಯಾಗಿ ಅವಳ ಜೊತೆ ತಿರುಗಿದರೆ ನನಗೂ ನಾಲ್ಕು ಮಾತು ಬಂದೀತು ಎಂಬುದು ಅಮ್ಮನ ಆಸೆ. ಆದರೆ ಅವಳೂ ನನ್ನಂಥವಳೇ. ಹೊಸಪೇಟೆಯಿಂದ ಕಂಪ್ಲಿಯವರೆಗೆ ಬಸ್ಸಿನಲ್ಲಿ ಪಕ್ಕಪಕ್ಕ ಕೂತು, ಒಂದು ಮಾತೂ ಆಡದೆ ಹೋಗಿ ಬಂದ ದಿನ ನಾವು ಗೆಳತಿಯರಾದೆವು ಎಂದು ನನಗೆ ಖಾತ್ರಿಯಾಯಿತು.

ಬಸ್ಸಿನ ಹಾರ್ನು, ಮಿರ್ಚಿಯ ಖಾರ, "ಮದಿವಿ ಯಾವಾಗ?" ಎಂಬ ಪ್ರಶ್ನೆ, ಎಲ್ಲಕ್ಕೂ ಅವಳು ಹೊಂದಿಕೊಂಡಳು. ಗೊಂದಲವಾದದ್ದು ಜಂಪರ್ ಪೀಸುಗಳಿಂದ, ಅಂದರೆ ರವಿಕೆ ಬಟ್ಟೆಗಳಿಂದ. ಅಳತೆಗೆ ಹೋದ ಮನೆಗಳಲ್ಲೆಲ್ಲ ಹೊರಡುವಾಗ ಹಣೆಗೆ ಕುಂಕುಮ ಹಚ್ಚಿ, ಕೈಗೆ ಬಾಳೆಹಣ್ಣಿನ ಜೊತೆ ಒಂದು ಜಂಪರ್ ಪೀಸು ಕೊಡುತ್ತಿದ್ದರು. ಯಾರು ಕೊಟ್ಟದ್ದು ಯಾವುದೆಂದು ಮರೆತರೆ ಅವಮಾನವಲ್ಲವೇ ಎಂದು ಅವಳು ಕೇಳಿದಳು. ನನಗೂ ಅದು ಸರಿ ಎನಿಸಿತು. ಒಂದೊಂದಕ್ಕೂ ಗುಂಡುಪಿನ್ನಿನಿಂದ ಚೀಟಿ ಚುಚ್ಚಿದೆ. ಕೊಟ್ಟವರು, ಊರು, ವಾರ, ಎಲ್ಲ ದುಂಡಗಿನ ಅಕ್ಷರದಲ್ಲಿ. ವಸ್ತುಸಂಗ್ರಹಾಲಯದವರೂ ಅಷ್ಟು ಅಚ್ಚುಕಟ್ಟಾಗಿ ಬರೆಯಲಾರರು.

ಒಂದು ದಿನ ಅವಳು ಆ ಹನ್ನೊಂದು ಪೀಸುಗಳನ್ನು ಎತ್ತಿಕೊಂಡು ದರ್ಜಿಯ ಅಂಗಡಿಗೆ ಹೊರಟಳು. ಅಮ್ಮ ಬಾಗಿಲಲ್ಲೇ ತಡೆದಳು.

"ಹೊಲಿಸೂದಲ್ಲವ್ವ ಅವು! ಮನಿಗೆ ಬಂದೋರಿಗೆ ಕೊಡೂದು. ಅವ್ರು ಮತ್ತೊಬ್ಬರಿಗೆ ಕೊಡ್ತಾರ."

"ಹಾಗಾದರೆ ಯಾರು ಹೊಲಿಸುತ್ತಾರೆ?" ಎಂದು ಅವಳು ನನ್ನ ಮೂಲಕ ಕೇಳಿದಳು.

ಅಮ್ಮ ಸ್ವಲ್ಪ ಯೋಚಿಸಿ, "ಯಾರೂ ಇಲ್ಲ" ಎಂದಳು.

ನಾನು ಒಂದೇ ಎಚ್ಚರಿಕೆ ಹೇಳಿದೆ: ಅವರು ಕೊಟ್ಟದ್ದನ್ನು ಅವರಿಗೇ ಕೊಡಬಾರದು, ಚೀಟಿ ನೋಡಿಕೋ.

ಅಷ್ಟು ಹೊತ್ತಿಗೆ ಅವಳ ನಕ್ಷೆಯಲ್ಲಿ ಉಳಿದದ್ದು ಒಂದೇ ಬಾವಿ. ಅದು ಬುಕ್ಕಸಾಗರದ ಗದ್ದೆಯ ನಡುವೆ ಇತ್ತು. ಅದಿಲ್ಲದೆ ಅವಳ ಎಂಟು ತಿಂಗಳ ಕೆಲಸ ಪೂರ್ತಿಯಾಗುತ್ತಿರಲಿಲ್ಲ. ಗದ್ದೆ ರೈಸ್‌ಮಿಲ್ಲಿನ ಮನೆಯವರದು, ಆ ಮನೆಯಲ್ಲಿ ನಡೆಯುವುದು ಯಜಮಾನಿಯ ಮಾತು. ಮೂರು ಸಲ ಹೋಗಿ ಕೇಳಿದರೂ "ನೋಡೋಣು ತಗೋ" ಎಂದು ಚಹಾ ಕೊಟ್ಟು ಕಳಿಸಿದ್ದರು. ಇನ್ನೊಂದು ವಾರಕ್ಕೆ ಗದ್ದೆಗೆ ನೀರು ಬಿಡುವವರಿದ್ದರು. ಆಮೇಲೆ ಬಾವಿಯ ಹತ್ತಿರ ಹೋಗಲು ದಾರಿಯೇ ಇರುವುದಿಲ್ಲ. ಅವಳ ವೀಸಾ ಮುಗಿಯಲೂ ಹೆಚ್ಚು ದಿನ ಇರಲಿಲ್ಲ.

ಅಂಥದ್ದರಲ್ಲಿ ಆ ಯಜಮಾನಿಯೇ ಹೊಸಪೇಟೆಯ ಸಂತೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದರು. "ಬರ್ರಿ, ಕುಂದ್ರಿ" ಎಂದು ಅಮ್ಮ ಚಾಪೆ ಹಾಸಿದಳು. ನಾನು ಚಹಾಕ್ಕೆ ಇಟ್ಟೆ. ಆಮೇಲೆ ಒಳಗಿನಿಂದ ಬಂದು ನೋಡಿದರೆ ಹುಡುಗಿ ಯಾರೂ ಹೇಳದೆ ತಾನೇ ಕುಂಕುಮ ಹಚ್ಚಿ, ಬಾಳೆಹಣ್ಣಿಟ್ಟು, ಹಸಿರು ಪೀಸೊಂದನ್ನು ಎರಡೂ ಕೈಯಿಂದ ಕೊಡುತ್ತಿದ್ದಳು. ಯಜಮಾನಿ ಕೊಟ್ಟಿದ್ದ ಕೆಂಪು ಪೀಸನ್ನು ಚೀಟಿ ನೋಡಿ ಬದಿಗಿಟ್ಟಿದ್ದಳು. ನನಗೆ ಹೆಮ್ಮೆಯಾಯಿತು. ಆಮೇಲೆ ಹಸಿರಿನ ಮೇಲೆ ನನ್ನ ದುಂಡಗಿನ ಅಕ್ಷರ ಕಂಡಿತು.

ಯಜಮಾನಿ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. "ಕಡ್ಡಿರಾಂಪುರ, ಹೋಟೆಲ್ ಚಿಕ್ಕಮ್ಮ, ಗುರುವಾರ."

ಪೀಸನ್ನು ಬಿಚ್ಚಿ ಮೂಲೆಯಲ್ಲಿದ್ದ ಅರಿಷಿಣದ ಬೆರಳ ಗುರುತನ್ನು ನೋಡಿದರು. "ಇದು ನಾ ಆಕಿ ಮನಿ ಒಕ್ಕಲಕ್ಕ ಕೊಟ್ಟಿದ್ದು! ಎರಡು ತಿಂಗಳ ಸೈತ ಇಟ್ಕೊಂಡಿಲ್ಲಲ್ಲ ಆಕಿ! ಭಾಳ ಚಲೋ ಆತು ಬಿಡ್ರಿ."

ಅಮ್ಮ ಚಾಪೆಯ ಅಂಚು ಸರಿಮಾಡತೊಡಗಿದಳು. ಚಹಾ ಆರುತ್ತಿತ್ತು. ಬಾವಿ ಕೈತಪ್ಪಿತು ಎಂದುಕೊಂಡೆ. ಆ ಚೀಟಿ ಬರೆದವಳು ನಾನೇ.

ಹುಡುಗಿಗೆ ಅರ್ಥವಾದದ್ದು ಇಷ್ಟೇ: ದಾಖಲೆ ಅಪೂರ್ಣವಾಗಿದೆ. ಅವಳು ಕಿವಿಯ ಹಿಂದಿನ ಪೆನ್ನು ತೆಗೆದು, ಯಜಮಾನಿಯ ಎದುರು ಕೂತು, ಕಲಿತ ಕನ್ನಡದಲ್ಲಿ ವಿನಯವಾಗಿ ಕೇಳಿದಳು. "ಅಕ್ಕಾ, ನಿಮಗ ಯಾರು ಕೊಟ್ರು?"

ಯಜಮಾನಿ ಗದ್ದ ಎತ್ತಿ ಅಮ್ಮನ ಕಡೆ ತೋರಿಸಿದರು.

ಹುಡುಗಿ ಅಷ್ಟನ್ನು ಬರೆದುಕೊಂಡು ಅಮ್ಮನ ಕಡೆ ತಿರುಗಿದಳು. "ಅಮ್ಮಾ, ನಿಮಗ?"

"ನಮ್ಮ ನಾದಿನಿ," ಎಂದಳು ಅಮ್ಮ, ಚಾಪೆಗೆ ಹೇಳುವಂತೆ. "ಸಂಡೂರಿನಾಕಿ."

"ಅವರಿಗೆ?"

"ಏ, ಸಾಕು ಮಾಡ್ಸಲೇ ಅದನ್ನ!" ಎಂದು ಅಮ್ಮ ನನ್ನ ಮೇಲೆ ಹರಿಹಾಯ್ದಳು. ಯಜಮಾನಿ ಚೀಟಿ ಕಸಿದುಕೊಂಡು ನೋಡಿದರು. ಸಂಡೂರು, ಕಡ್ಡಿರಾಂಪುರ, ಬುಕ್ಕಸಾಗರ, ಮತ್ತೆ ಕಡ್ಡಿರಾಂಪುರ, ನಡುವೆ ಬಾಣದ ಗುರುತುಗಳು. ಮೊದಲು ಅವರ ಭುಜ ಕುಲುಕಿತು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಮ್ಮನೂ ಸೇರಿಕೊಂಡಳು.

"ಅಯ್ಯ, ನನಗಿಂತ ಜಾಸ್ತಿ ಊರು ತಿರುಗೈತಿ ಇದು!" ಎಂದು ಯಜಮಾನಿ ಕಣ್ಣೊರೆಸಿಕೊಂಡರು. ನನ್ನ ಕಡೆ ತಿರುಗಿ, "ನಾಳೆ ಹೊತ್ತು ಏರೂದರಾಗ ಕರಕೊಂಡು ಬಾ. ಬಾವಿ ಅಳಕೊಂಡು ಹೋಗ್ಲಿ. ಇಲ್ಲಂದ್ರ ಈಕಿ ಬಂದು ನಮ್ಮನಿ ಟ್ರಂಕ್ ಅಳೀತಾಳ" ಎಂದರು.

ಮರುದಿನ ಅವಳು ಬಾವಿಗಿಳಿದು ಮೊಳಕಾಲಿನವರೆಗೆ ಕೆಸರು ಮಾಡಿಕೊಂಡು ಅದರ ಕಲ್ಲು ಕಲ್ಲನ್ನೂ ಅಳೆದಳು. ನಾನು ಟೇಪಿನ ತುದಿ ಹಿಡಿದಿದ್ದೆ. ಮಧ್ಯಾಹ್ನ ನಕ್ಷೆಯ ಕೊನೆಯ ಗೆರೆ ಎಳೆದಾಗ, ಎಂಟು ತಿಂಗಳಲ್ಲಿ ಮೊದಲ ಸಲ ಅವಳು ಜೋರಾಗಿ ಕೂಗಿದ್ದು ಕೇಳಿದೆ. ಕೊಕ್ಕರೆಗಳು ಹಾರಿಹೋದವು.

ಹೊರಡುವಾಗ ಯಜಮಾನಿ ಕುಂಕುಮ ಹಚ್ಚಿ, ಬಾಳೆಹಣ್ಣಿನ ಜೊತೆ ಅದೇ ಹಸಿರು ಪೀಸನ್ನು ಅವಳ ಕೈಗಿಟ್ಟರು. ಚೀಟಿ ಹಾಗೇ ಇತ್ತು. ಅವಳ ಕೈ ಕಿವಿಯ ಹಿಂದೆ ಹೋಯಿತು. ಪೆನ್ನು ಅಲ್ಲಿರಲಿಲ್ಲ. ಬಾವಿಯ ಹತ್ತಿರವೇ ನಾನು ಅದನ್ನು ತೆಗೆದು ನನ್ನ ಚೀಲದೊಳಗೆ ಹಾಕಿಕೊಂಡಿದ್ದೆ.